ಏಳನೇ ಹೋಲ್‌ನಲ್ಲಿ ಕಾದವರು: ಒಂದು ಶನಿವಾರದ ಬಳಗದ ಪ್ರಕರಣ

ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಜುಲೈನಿಂದ ಡಿಸೆಂಬರ್‌ವರೆಗೆ ನಡೆದ ಸಂಗತಿ ಇದು. ಕ್ಲಬ್ಬಿನ ಹೆಸರನ್ನೂ ಆಟಗಾರರ ಹೆಸರುಗಳನ್ನೂ ಬಿಟ್ಟಿದ್ದೇನೆ. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ನಾಲ್ವರ ಬಳಗ. ಒಬ್ಬರು ಡಾಕ್ಟರು, ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಒಬ್ಬರು ಸಾಫ್ಟ್‌ವೇರ್ ಮ್ಯಾನೇಜರು, ಇನ್ನೊಬ್ಬರು ಕಟ್ಟಡದ ಕಂಟ್ರಾಕ್ಟರು. ಹತ್ತು ಹನ್ನೆರಡು ವರ್ಷಗಳಿಂದ ಶನಿವಾರ ಬೆಳಿಗ್ಗೆ ಒಟ್ಟಿಗೆ ಆಡುವವರು. ಯಾರೂ ಮಹಾ ಆಟಗಾರರಲ್ಲ. 18 ಹೋಲ್, ಅಂದರೆ ಹದಿನೆಂಟು ಕುಳಿಗಳ ಇಡೀ ಆಟ, ಮುಗಿಸಲು ಒಬ್ಬೊಬ್ಬರಿಗೂ ತೊಂಬತ್ತರ ಆಸುಪಾಸು ಹೊಡೆತ ಬೇಕು. ಅವರ ಟೀ ಟೈಮ್, ಅಂದರೆ ಮೊದಲ ಹೊಡೆತ ಹೊಡೆದು ಹೊರಡುವ ಸಮಯ, 7:52. ಅವರ ಬೆನ್ನಿಗೇ 8 ಗಂಟೆಗೆ ಹೊರಡುವ ತಂಡದಲ್ಲಿ ನಾನಿದ್ದೆ.

ನನ್ನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಈ ಊರಿನ ಒಂದು ಕಾರ್ಖಾನೆಯಲ್ಲಿ ಟೈಮ್ ಸ್ಟಡಿ ವಿಭಾಗದಲ್ಲಿ 22 ವರ್ಷ ದುಡಿದವನು. ಒಂದು ಬೋಲ್ಟ್ ಬಿಗಿಯಲು ಎಷ್ಟು ಸೆಕೆಂಡು, ಒಂದು ಪಾತ್ರೆ ಎತ್ತಿಡಲು ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುತ್ತಾ ತಲೆ ಹಣ್ಣಾಯಿತು. ಕ್ಲಬ್ಬಿನ ಮ್ಯಾಚ್ ಕಮಿಟಿಯವರಿಗೆ ಇದು ಗೊತ್ತಿತ್ತು. ‘ನಿಧಾನದ ಆಟ’ದ ದೂರುಗಳನ್ನು ನೋಡಿಕೊಳ್ಳಿ ಎಂದು ಸಂಬಳವಿಲ್ಲದ ಕೆಲಸವೊಂದನ್ನು ಹೆಗಲಿಗೆ ಹಾಕಿದರು. ಹಿಂದೆ ನಿಂತು ಕಾದು ಕಾದು ಸಿಟ್ಟಾಗುವವನೂ ನಾನೇ, ಗಡಿಯಾರ ಹಿಡಿಯುವವನೂ ನಾನೇ. ಇದು ಸರಿಯಲ್ಲ ಎಂದು ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದಾಗಿನಿಂದ ಈ ಊರಿನಲ್ಲಿ ಗಾಲ್ಫ್ ಇದೆ. ‘ಮುಂದಿನವರು ನಿಧಾನ’ ಎಂಬ ಗೊಣಗಾಟವೂ ಅಷ್ಟೇ ಹಳೆಯದಿರಬೇಕು. ‘ನಾವು ನಿಧಾನ’ ಎಂದು ಒಬ್ಬರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ತೊಡಕು

ನಾಲ್ವರು ಆಡಿದರೆ 4 ಗಂಟೆ 15 ನಿಮಿಷಕ್ಕೆ ಮುಗಿಸಬೇಕೆಂಬುದು ಕ್ಲಬ್ಬಿನ ಗುರಿ. ನಾಲ್ಕೂವರೆ ಗಂಟೆ ದಾಟಿದ ತಂಡಗಳ ಪಟ್ಟಿ ಜುಲೈನಿಂದ ನೋಟಿಸ್ ಬೋರ್ಡಿಗೆ ಬೀಳತೊಡಗಿತು. ನಮ್ಮ 7:52ರ ಬಳಗ ಆ ಪಟ್ಟಿಯಲ್ಲಿ ಮೇಲಿಂದ ಮೇಲೆ ಮೂರು ವಾರ ಕಾಣಿಸಿಕೊಂಡಿತು. ಸರಾಸರಿ 4 ಗಂಟೆ 52 ನಿಮಿಷ.

ನಾಲ್ವರಿಗೂ ಅವಮಾನವಾಯಿತು. ನಾಲ್ವರಿಗೂ ಅದು ಅನ್ಯಾಯವೆಂದೇ ಅನ್ನಿಸಿತು. “ಏಳನೇ ಹೋಲ್‌ನಲ್ಲಿ ನಾವು ಇಪ್ಪತ್ತು ನಿಮಿಷ ನಿಂತಿದ್ವಿ ಸಾರ್. ಮುಂದಿನವರನ್ನ ಕೇಳಿ, ನಮ್ಮನ್ನ ಯಾಕೆ ಕೇಳ್ತೀರಿ?” ಎಂದರು ಕಂಟ್ರಾಕ್ಟರು. ಜೊತೆಗೆ, ಡಾಕ್ಟರು ಕೇಳಿಸಿಕೊಳ್ಳದ ಹಾಗೆ, “ಏನಾದ್ರೂ ಸ್ವಲ್ಪ ತಡ ಆದ್ರೆ ಅದು ನಮ್ಮ ಡಾಕ್ಟರಿಂದ” ಎಂದೂ ಸೇರಿಸಿದರು.

ಡಾಕ್ಟರ ಆಟ ಕ್ಲಬ್ಬಿಗೆಲ್ಲ ಗೊತ್ತು. ಚೆಂಡಿನ ಹಿಂದೆ ನಿಂತು ಗುರಿ ನೋಡುತ್ತಾರೆ. ಮೂರು ಸಲ ಗಾಳಿಯಲ್ಲಿ ಕ್ಲಬ್ (ಹೊಡೆಯುವ ಕೋಲು) ಬೀಸುತ್ತಾರೆ. ಕೈಗವಸಿನ ಪಟ್ಟಿ ಬಿಚ್ಚಿ ಮತ್ತೆ ಅಂಟಿಸುವ ಆ ಪರ್‌ರ್ ಸದ್ದು ಪಕ್ಕದ ಫೇರ್‌ವೇವರೆಗೂ (ಕುಳಿಯತ್ತ ಹೋಗುವ, ಹುಲ್ಲು ಕತ್ತರಿಸಿದ ಹಾದಿ) ಕೇಳುತ್ತದೆ. ಅದಾದ ಮೇಲೆ ಹೊಡೆತ. ನಿಧಾನ ಎಂದಾಕ್ಷಣ ಎಲ್ಲರ ಬೆರಳೂ ಅವರತ್ತ ಹೋಗುವುದು ಈ ಸದ್ದಿನಿಂದಾಗಿ. ನನ್ನ ಬೆರಳೂ ಅಲ್ಲಿಗೇ ಹೋಗಿತ್ತು.

ಮೊದಲು ಮಾಡಿದ್ದು

ಶುರುವಿನಲ್ಲಿ ವಾಟ್ಸ್ಆ್ಯಪ್ ಗುಂಪಿನಲ್ಲಿ ನಿಯಮ ಕಳಿಸಿದೆ. 2019ರ ಗಾಲ್ಫ್ ನಿಯಮಗಳ ಪ್ರಕಾರ, ಅಡ್ಡಿಯಿಲ್ಲದೆ ಹೊಡೆಯಲು ಅವಕಾಶ ಸಿಕ್ಕ ಕ್ಷಣದಿಂದ 40 ಸೆಕೆಂಡಿನೊಳಗೆ ಹೊಡೆಯಬೇಕೆಂಬುದು ಸಲಹೆ. ಕಳೆದ ಚೆಂಡು ಹುಡುಕಲು ಮೊದಲಿದ್ದ 5 ನಿಮಿಷ ಅದೇ ವರ್ಷ 3 ನಿಮಿಷಕ್ಕೆ ಇಳಿಯಿತು. ಒಟ್ಟು ಹೊಡೆತ ಎಣಿಸುವ ಆಟದಲ್ಲಿ (ಸ್ಟ್ರೋಕ್ ಪ್ಲೇ) ದೂರ ಇರುವವರೇ ಮೊದಲು ಹೊಡೆಯಲಿ ಎಂದು ಕಾಯಬೇಕಿಲ್ಲ, ಅಪಾಯವಿಲ್ಲದಿದ್ದರೆ ಸಿದ್ಧವಾದವರು ಹೊಡೆಯಬಹುದು. ಎಲ್ಲರೂ ಹೆಬ್ಬೆರಳು ಒತ್ತಿದರು. ಮುಂದಿನ ಶನಿವಾರ 4 ಗಂಟೆ 55 ನಿಮಿಷ.

ಆಮೇಲೆ ಕಾರ್ಖಾನೆಯ ಹಳೆಯ ಉಪಾಯವೊಂದನ್ನು ತೆಗೆದೆ. ಸ್ಕೋರ್ ಕಾರ್ಡಿನ ಹಿಂಬದಿಯಲ್ಲಿ ನಾಲ್ವರಿಂದಲೂ ಒಂದು ಅಂದಾಜು ಬರೆಸಿಕೊಂಡೆ: ನಿಮ್ಮ ಸರದಿ ಬಂದ ಮೇಲೆ ಹೊಡೆಯಲು ನಿಮಗೆಷ್ಟು ಸೆಕೆಂಡು ಬೇಕು, ಉಳಿದ ಮೂವರಿಗೆ ಎಷ್ಟು? ನಾಲ್ಕು ಕಾರ್ಡಿನಲ್ಲೂ ಬರೆದವರೇ ಮೊದಲನೆಯ ಇಲ್ಲವೇ ಎರಡನೆಯ ಚುರುಕಿನವರು. ಡಾಕ್ಟರು ತಮಗೆ 20 ಕೊಟ್ಟುಕೊಂಡಿದ್ದರು. ಉಳಿದ ಮೂವರು ಅವರಿಗೆ 60, 70, 90 ಕೊಟ್ಟಿದ್ದರು. ಸಾಫ್ಟ್‌ವೇರ್‌ನವರು ತಮಗೆ 10 ಬರೆದು ಅಡಿಗೆರೆ ಎಳೆದಿದ್ದರು.

ಅವರು ಸುಳ್ಳು ಹೇಳಿದರು ಅನ್ನಲಾರೆ. ತನ್ನ ಸರದಿಯಲ್ಲಿ ಮನುಷ್ಯನಿಗೆ ಕೈತುಂಬ ಕೆಲಸ: ಗಾಳಿ ನೋಡಬೇಕು, ಕ್ಲಬ್ ಆರಿಸಬೇಕು, ಭಯ ನುಂಗಬೇಕು. ಆ ಮೂವತ್ತು ಸೆಕೆಂಡು ಹೋದದ್ದೇ ತಿಳಿಯದು. ಬೇರೆಯವರ ಸರದಿಯಲ್ಲಿ ಸುಮ್ಮನೆ ನಿಂತಿರಬೇಕು, ಆಗ ಅದೇ ಮೂವತ್ತು ಸೆಕೆಂಡು ಬ್ಯಾಂಕಿನ ಕ್ಯೂ. ನಮ್ಮೂರಲ್ಲಿ “ಐದೇ ನಿಮಿಷ, ಬಂದೆ” ಅನ್ನುವವನಿಗೂ ಹೋಟೆಲ್ ಬಾಗಿಲಲ್ಲಿ ಅವನಿಗಾಗಿ ಕಾಯುವವನಿಗೂ ಐದು ನಿಮಿಷ ಒಂದೇ ಅಳತೆಯಲ್ಲವಲ್ಲ.

ಮೂರನೆಯದು ಗಡಿಯಾರ. ಮುಂಚೆಯೇ ಹೇಳಿ ಅಳೆದ ಶನಿವಾರ ಬಳಗ 4 ಗಂಟೆ 39 ನಿಮಿಷಕ್ಕೆ ಮುಗಿಸಿತು. ಬ್ಯಾಂಕಿನವರು 16ನೇ ಹೋಲ್‌ನಲ್ಲಿ ಏದುಸಿರು ಬಿಡುತ್ತಿದ್ದರು. ಇದು ನನಗೆ ಹೊಸದೇನಲ್ಲ. ಕಾರ್ಖಾನೆಯಲ್ಲಿ ನಾನು ಸ್ಟಾಪ್‌ವಾಚ್ ಹಿಡಿದು ನಿಂತರೆ ಕೆಲವರ ಕೈ ಓಡುತ್ತಿತ್ತು, ಕೆಲವರದು ಬೇಕೆಂದೇ ತೆವಳುತ್ತಿತ್ತು. ಹಾಗಾಗಿ ಮುಂದಿನ ಎರಡು ಶನಿವಾರ ಹೇಳದೆ ಅಳೆಯಲು ತೀರ್ಮಾನಿಸಿದೆ. ಈ ಪ್ರಕರಣದಲ್ಲಿ ಹೆಚ್ಚು ಕಲಿಸಿದ್ದೂ ಹೆಚ್ಚು ಕೆಡಿಸಿದ್ದೂ ಈ ತೀರ್ಮಾನವೇ.

ಕ್ಯಾಡಿ ಕಂಡದ್ದು

ಒಬ್ಬ ಹಿರಿಯ ಕ್ಯಾಡಿಯನ್ನು ಜೊತೆಗೆ ಕರೆದುಕೊಂಡೆ. ಮೂವತ್ತು ವರ್ಷದಿಂದ ಚೀಲ ಹೊರುತ್ತಿರುವವರು. ಬರೆಯುವ ಮೊದಲೇ ಅವರು ಒಂದು ಮಾತು ಹೇಳಿದ್ದರು. “ಹೊಡೆಯಾದ್ರಾಗೆ ಏನೂ ಇಲ್ಲ ಸಾ. ಹೊಡೆದ್ಮ್ಯಾಕೆ ನಿಂತ್ಕಂಡು ಮಾತಾಡ್ತಾರಲ್ಲ, ಅದ್ರಾಗೈತೆ.” ನಾನು ನಕ್ಕು, ಹೊಡೆಯುವ ಸಮಯವನ್ನೇ ಬರೆಯಲು ಹೇಳಿದೆ. ಅವರು ನಾನು ಹೇಳಿದ್ದನ್ನೂ ಬರೆದರು, ತಮಗೆ ಕಂಡದ್ದನ್ನೂ ಬರೆದರು.

ಹೊಡೆಯುವ ಸಮಯದ ಸರಾಸರಿ: ಸಾಫ್ಟ್‌ವೇರ್‌ನವರು 19 ಸೆಕೆಂಡು, ಕಂಟ್ರಾಕ್ಟರು 28, ಬ್ಯಾಂಕಿನವರು 31, ಡಾಕ್ಟರು 38. ಅಂದರೆ ಡಾಕ್ಟರು ಅವರೇ ಅಂದುಕೊಂಡದ್ದರ ಹತ್ತಿರ ಹತ್ತಿರ ಎರಡರಷ್ಟು ನಿಧಾನ, ಗೆಳೆಯರು ಹೇಳಿದ್ದಕ್ಕಿಂತ ಎಷ್ಟೋ ಚುರುಕು. ಹೇಗೆ ನೋಡಿದರೂ ಸಲಹೆಯ 40 ಸೆಕೆಂಡಿನೊಳಗೇ ಇದ್ದಾರೆ.

ಹಾಗೆಂದು ಸೆಕೆಂಡಿಗೆ ಬೆಲೆಯಿಲ್ಲ ಎಂದಲ್ಲ. ನಾಲ್ವರು ಸೇರಿ 360 ಹೊಡೆತ. ಪ್ರತಿ ಹೊಡೆತಕ್ಕೆ 10 ಸೆಕೆಂಡು ಹೆಚ್ಚಾದರೆ 3600 ಸೆಕೆಂಡು, ಒಂದು ಗಂಟೆ. ಎಲ್ಲ 360 ಹೊಡೆತವೂ ಒಂದಾದ ಮೇಲೊಂದರಂತೆ ಪೂರ್ತಿ 40 ಸೆಕೆಂಡು ತಿಂದರೆ, ಒಂದು ಹೆಜ್ಜೆ ನಡೆಯುವ ಮೊದಲೇ ನಾಲ್ಕು ಗಂಟೆ ಮುಗಿದಿರುತ್ತದೆ. ಆದರೆ ಡಾಕ್ಟರ ಹೊಡೆತ ಗಿಡ್ಡ. ಸಾಮಾನ್ಯವಾಗಿ ಅವರೇ ಮೊದಲು ಹೊಡೆಯುತ್ತಾರೆ. ಅವರು ಗವಸು ಬಿಚ್ಚುವ ಹೊತ್ತಿಗೆ ಉಳಿದವರು ಅಂಚಿನಲ್ಲಿ ತಮ್ಮ ತಮ್ಮ ಚೆಂಡಿನ ಕಡೆ ನಡೆಯುತ್ತಿರುತ್ತಾರೆ. ಏಳನೇ ಹೋಲ್ ಆದ ಮೇಲಿನ ಹನ್ನೊಂದು ಹೋಲ್‌ಗಳಲ್ಲಿ ಅವರಿಂದ ಹೋದದ್ದು ಮೂರು ನಾಲ್ಕು ನಿಮಿಷ.

ಉಳಿದದ್ದು ಕ್ಯಾಡಿಯ ಹಾಳೆಯ ಅಂಚಿನಲ್ಲಿತ್ತು. 13ನೇ ಗ್ರೀನ್‌ನದು (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಹೀಗಿದೆ. ಕೊನೆಯ ಚೆಂಡು ಕುಳಿಗೆ ಬಿದ್ದದ್ದು 11:23:20ಕ್ಕೆ. ಬಾವುಟ ಇಟ್ಟದ್ದು 11:23:30. ಅಲ್ಲಿಂದ ಬ್ಯಾಂಕಿನವರ ಲೆಕ್ಕ ಶುರು. “ನಿಮ್ದು ಆರಾ ಏಳಾ?” “ಆರು. ಅಲ್ಲ, ಬಂಕರ್‌ನಲ್ಲಿ ಒಂದು ತಪ್ಪಿತಲ್ಲ...” “ಹಾಗಾದ್ರೆ ಏಳು.” “ಅದು ಸೇರಿಸಿಯೇ ಆರು ಅಂದದ್ದು.” ಬೆರಳು ಮಡಿಚಿ ಮೊದಲಿಂದ ಎಣಿಕೆ. ಚೀಲಗಳು ಗ್ರೀನ್‌ನ ಮುಂದೆ, ಮುಂದಿನ ಟೀ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ಇರುವುದು ಹಿಂದೆ. ಚೀಲ ಎತ್ತಿಕೊಂಡು ಮತ್ತೆ ಗ್ರೀನ್ ಸುತ್ತಿ ಜಾಗ ತೆರವಾದದ್ದು 11:24:45. ಎಂಬತ್ತೈದು ಸೆಕೆಂಡು. ಇಷ್ಟರಲ್ಲಿ ಯಾರೂ ‘ಆಡುತ್ತಿರಲಿಲ್ಲ’, ಆದ್ದರಿಂದ ಯಾರ ಲೆಕ್ಕಕ್ಕೂ ಸೇರಲಿಲ್ಲ. 150 ಗಜ ಹಿಂದೆ ಫೇರ್‌ವೇಯಲ್ಲಿ ಕೈಕಟ್ಟಿ ನಿಂತಿದ್ದ ನನ್ನ ಲೆಕ್ಕಕ್ಕೆ ಮಾತ್ರ ಸೇರಿತ್ತು.

ಇನ್ನೊಂದು ಸಾಫ್ಟ್‌ವೇರ್‌ನವರದು. 19 ಸೆಕೆಂಡಿಗೆ ಹೊಡೆಯುತ್ತಾರೆ, ಸರಿ. ಚೆಂಡು ಮರಗಳ ನಡುವೆ ಹೋದರೆ “ಸಿಗುತ್ತೆ ಬಿಡಿ” ಎಂದು ನಡೆದೇಬಿಡುತ್ತಾರೆ. ಪ್ರೊವಿಷನಲ್ ಚೆಂಡು, ಅಂದರೆ ಮೊದಲನೆಯದು ಸಿಗದಿದ್ದರೆ ಇರಲೆಂದು ಇನ್ನೊಂದು, ಹೊಡೆದಿಡುವುದಿಲ್ಲ, ಅದಕ್ಕೆ ಸಮಯ ಹಾಳು ಅನ್ನುತ್ತಾರೆ. ಆಮೇಲೆ ನಾಲ್ವರೂ ಸೇರಿ ಮಳೆಗಾಲದ ಮೊಣಕಾಲುದ್ದ ಹುಲ್ಲಿನಲ್ಲಿ ಹುಡುಕಾಟ. ಸಿಗದಿದ್ದರೆ 200 ಗಜ ವಾಪಸ್ ಟೀಗೆ. ಆ ಎರಡು ಶನಿವಾರಗಳಲ್ಲಿ ಮೂರು ಸಲ ಹೀಗಾಯಿತು. ಅವರ ಒಂದು ‘ಸಿಗುತ್ತೆ ಬಿಡಿ’ಯ ಬೆಲೆ ಡಾಕ್ಟರ ಇಡೀ ಬೆಳಗಿನ ಗವಸಿಗಿಂತ ದುಬಾರಿ.

ಒಂಬತ್ತನೇ ಹೋಲ್ ಮುಗಿದ ಮೇಲಿನ ತಿಂಡಿ ಬೇರೆ. ಐದು ನಿಮಿಷದ ಜಾಗದಲ್ಲಿ ಹನ್ನೊಂದು. ಕಂಟ್ರಾಕ್ಟರಿಗೆ ದೋಸೆ ಬಿಸಿಬಿಸಿಯೇ ಆಗಬೇಕು.

ಏಳನೇ ಹೋಲ್

ಇನ್ನು ಅವರ ದೂರಿನ ವಿಷಯ. ಅದು ನಿಜವಾಗಿತ್ತು, ಅದೇ ದೊಡ್ಡ ತೊಡಕು. ಮೊದಲ ತಂಡ 6:24ಕ್ಕೆ ಹೊರಡುತ್ತಿತ್ತು, ಆಮೇಲೆ 8 ನಿಮಿಷಕ್ಕೊಂದು. ಏಳನೇ ಹೋಲ್ ಉದ್ದದ ಪಾರ್-3, ಅಂದರೆ ಒಳ್ಳೆಯ ಆಟಗಾರ ಮೂರು ಹೊಡೆತದಲ್ಲಿ ಮುಗಿಸಬೇಕಾದ, ಟೀಯಿಂದ ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟಬಹುದಾದ ಹೋಲ್. ಪಾರ್-4, ಪಾರ್-5ರಲ್ಲಿ ಒಂದು ತಂಡ ಮುಂದೆ, ಒಂದು ತಂಡ ಹಿಂದೆ ಆಡಬಹುದು. ಪಾರ್-3ರಲ್ಲಿ ಮುಂದಿನವರು ಗ್ರೀನ್ ಬಿಡುವ ತನಕ ಹಿಂದಿನವರು ಹೊಡೆಯುವಂತಿಲ್ಲ. ಅಲ್ಲಿ ಒಂದು ತಂಡ ಮುಗಿಸಲು ಬೇಕಾಗುತ್ತಿದ್ದದ್ದು 10 ನಿಮಿಷ. ಎಂಟಕ್ಕೊಂದು ಬರುತ್ತದೆ, ಹತ್ತಕ್ಕೊಂದು ಹೋಗುತ್ತದೆ. ಪ್ರತಿ ತಂಡಕ್ಕೂ ಹಿಂದಿನ ಬಾಕಿಯ ಮೇಲೆ 2 ನಿಮಿಷ ಏರುತ್ತದೆ. ಎಲ್ಲರೂ ಗಡಿಯಾರದ ಮುಳ್ಳಿನಂತೆ ಆಡಿದರೂ 7:52ರ ತಂಡ, ಅಂದರೆ ಹನ್ನೆರಡನೆಯದು, ಅಲ್ಲಿ 22 ನಿಮಿಷ ಕಾಯಲೇಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ. ಕೌಂಟರ್ ಒಂದೇ, ಟೋಕನ್ ಜಾಸ್ತಿ.

ಅಂದರೆ ಗುರಿ ದಾಟಿದ 37 ನಿಮಿಷದಲ್ಲಿ 22 ಕ್ಲಬ್ಬಿನದು. ಉಳಿದ 15 ಯಾರದು? ಏಳನೇ ಹೋಲ್‌ನಿಂದ ತಂಡಗಳು ಹತ್ತು ಹತ್ತು ನಿಮಿಷದ ಅಂತರದಲ್ಲಿ ಬಿಡುಗಡೆಯಾಗುತ್ತವೆ. 18ನೇ ಗ್ರೀನ್‌ನಲ್ಲಿ ನಮ್ಮ ಬಳಗ ಮುಂದಿನವರಿಗಿಂತ 25 ನಿಮಿಷ ಹಿಂದಿತ್ತು. ಆ ಹದಿನೈದು ಇವರದೇ. 12ನೇ ಟೀಯಲ್ಲಿ ನಿಂತರೆ ಕಣ್ಣಳತೆಯಲ್ಲಿ ಮುಂದೆ ಒಬ್ಬರೂ ಇರುತ್ತಿರಲಿಲ್ಲ.

ನಾಲ್ವರಲ್ಲಿ ಒಬ್ಬರೂ ಇದನ್ನು ಗಮನಿಸಿರಲಿಲ್ಲ ಎಂಬುದೇ ನನಗೆ ಬಹುದಿನ ಬಿಡಿಸಲಾಗದ ಗಂಟು. ಕಣ್ಣ ಮುಂದೆ ಖಾಲಿ ಫೇರ್‌ವೇ, ಬೆನ್ನ ಹಿಂದೆ ನಾವು ನಾಲ್ವರು. ಆದರೂ ‘ನಾವು ಕಾದವರು’ ಎಂಬ ಭಾವ ಹೋಗಲಿಲ್ಲ. ಬೆಳಿಗ್ಗೆ ಒಮ್ಮೆ ಚೆನ್ನಾಗಿ ಕಾಯಿಸಿಬಿಟ್ಟರೆ ಸಾಕು, ಆಮೇಲೆ ದಿನವಿಡೀ ಮನುಷ್ಯ ತನ್ನನ್ನು ಸಾಲ ಕೊಟ್ಟವರ ಸಾಲಿಗೆ ಸೇರಿಸಿಕೊಳ್ಳುತ್ತಾನೆ. ತನ್ನ ವೇಗವನ್ನು ಆತ ಅಳೆಯುವುದು ಗಡಿಯಾರದಿಂದಲ್ಲ, ತಾನು ಕಾದಿದ್ದೇನೋ ಇಲ್ಲವೋ ಎಂಬ ನೆನಪಿನಿಂದ. ಏಳರಲ್ಲಿ ಕಾದ ನೆನಪು ಹದಿನೆಂಟರವರೆಗೂ ಬಾಳುತ್ತದೆ. ಪಾರ್-3ರ ಆ ಸರತಿ ಬಳಗದ 22 ನಿಮಿಷ ತಿಂದದ್ದಲ್ಲದೆ, ಉಳಿದ ಹದಿನೈದನ್ನು ಕಾಣದಂತೆಯೂ ಮಾಡಿತ್ತು.

ಸಿಕ್ಕಿಬಿದ್ದದ್ದು

ಎರಡನೇ ಶನಿವಾರ ಮಧ್ಯಾಹ್ನ ಆ ಹಾಳೆ ಡಾಕ್ಟರ ಕೈಗೆ ಸಿಕ್ಕಿತು. ಕ್ಯಾಡಿ ಅದನ್ನು ನನ್ನ ಚೀಲದ ಬದಲು ಪಕ್ಕದ ಚೀಲದ ಜೇಬಿಗೆ ತುರುಕಿದ್ದರು. ಡಾಕ್ಟರು ಕೂಗಾಡಲಿಲ್ಲ. ಕ್ಲಬ್‌ಹೌಸಿನ ವರಾಂಡದಲ್ಲಿ ನನ್ನೆದುರು ಕೂತು ಹಾಳೆಯನ್ನು ಮೇಜಿನ ಮೇಲೆ ಹರವಿ, “ಪೇಷೆಂಟನ್ನ ಕೇಳದೆ ನಾನು ರಕ್ತ ತೆಗೆಯಲ್ಲ” ಎಂದರು. ಅಷ್ಟೇ. ಎದ್ದು ಹೋದರು. ಮುಂದಿನ ಶನಿವಾರ ಬರಲಿಲ್ಲ.

ಕಾರ್ಖಾನೆಯಲ್ಲಾಗಿದ್ದರೆ ಯೂನಿಯನ್ನಿನವರು ಅದೇ ದಿನ ಲೈನ್ ನಿಲ್ಲಿಸುತ್ತಿದ್ದರು. ಹೇಳದೆ ಅಳೆಯಬಾರದು ಎಂಬುದು ನನಗೆ ಅಲ್ಲಿ ಮೊದಲ ವರ್ಷವೇ ಕಲಿಸಿದ ಪಾಠ. ಇಲ್ಲಿ ಆಟ ತಾನೇ ಎಂದು ಮರೆತೆ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹಾಳೆಯನ್ನು ಕಮಿಟಿಗೆ ಕೊಡುವುದಿಲ್ಲ, ನಾಲ್ವರೂ ನೋಡಿ ಹರಿದು ಹಾಕಿ ಎಂದು ಅಲ್ಲೇ ಬಿಟ್ಟುಬಂದೆ.

ಅವರು ಹರಿಯಲಿಲ್ಲ. ನಾಲ್ವರೂ ಸೇರಿ ಒಂದು ಸಂಜೆಯಿಡೀ ಓದಿದರಂತೆ. ಹತ್ತು ವರ್ಷದಿಂದ ತಮಗೆ ಅಂಟಿದ್ದ ಹೆಸರಿಗೆ ಉತ್ತರ ಅದರಲ್ಲಿತ್ತು ಎಂದು ಡಾಕ್ಟರಿಗೆ ಕಂಡಿತು. ಸಾಫ್ಟ್‌ವೇರ್‌ನವರು ಮೊದಲು ಒಪ್ಪಲಿಲ್ಲ. ಆಮೇಲೆ ಫೋನಿನ ನಕ್ಷೆಯಲ್ಲಿ ತಾವು ನಡೆದ ಜಾಡನ್ನು ನೋಡಿಕೊಂಡು, ಟೀಗೆ ಹಿಂದಿರುಗಿದ ಗೆರೆ ಬೆರಳಲ್ಲಿ ತೋರಿಸಿ ತಾವೇ ನಕ್ಕರಂತೆ. ಕದ್ದು ಅಳೆದದ್ದು ತಪ್ಪು, ಆದರೆ ಅಳತೆ ಅವರ ಕೈಗೇ ಹೋದದ್ದು ಒಳ್ಳೆಯದಾಯಿತು. ಇದನ್ನು ನನ್ನ ಜಾಣತನವೆಂದು ಹೇಳಿಕೊಳ್ಳಲಾರೆ. ಜೇಬು ತಪ್ಪಿದ್ದರಿಂದ ಆದದ್ದು.

ಬದಲಾಯಿಸಿದ್ದು

ಬಳಗ ತಾನೇ ಮಾಡಿಕೊಂಡ ಒಪ್ಪಂದದಲ್ಲಿ ಹೊಡೆತದ ಸೆಕೆಂಡಿನ ಮಾತೇ ಇರಲಿಲ್ಲ. ಯಾರೂ ಯಾರಿಗೂ ‘ಬೇಗ’ ಅನ್ನಕೂಡದು ಎಂಬುದು ಡಾಕ್ಟರ ಷರತ್ತು. ಚೆಂಡು ಮರದೊಳಗೆ ಹೋದರೆ ಎರಡನೆಯದು ಅಲ್ಲೇ ಹೊಡೆದಿಡಬೇಕು. ಹುಡುಕುವವರು ಇಬ್ಬರೇ, ಉಳಿದಿಬ್ಬರು ತಮ್ಮ ಆಟ ಮುಂದುವರಿಸಬೇಕು, 3 ನಿಮಿಷಕ್ಕೆ ಫೋನು ಕೂಗಬೇಕು. ಚೀಲ ಇಡುವುದು ಮುಂದಿನ ಟೀಯ ಕಡೆ, ಲೆಕ್ಕ ಬರೆಯುವುದು ಮುಂದಿನ ಟೀಯಲ್ಲಿ. ತಿಂಡಿಯನ್ನು 8ನೇ ಗ್ರೀನ್‌ನಿಂದಲೇ ಫೋನಿನಲ್ಲಿ ಹೇಳಿಡಬೇಕು. ಕಂಟ್ರಾಕ್ಟರು ದೋಸೆ ಆರಿಹೋಗುತ್ತದೆಂದು ಎರಡು ವಾರ ಮುನಿದು, ಮೂರನೇ ವಾರ ಇಡ್ಲಿಗೆ ಬದಲಾದರು. ಮತ್ತೆ, ಪ್ರತಿ ಟೀಯಲ್ಲಿ ಯಾರಾದರೊಬ್ಬರು ಕೇಳಬೇಕಾದ ಪ್ರಶ್ನೆ: “ಮುಂದಿನವರು ಕಾಣ್ತಿದ್ದಾರಾ?” ಇದು ಬ್ಯಾಂಕಿನವರ ಸಲಹೆ. ಗಡಿಯಾರ ನೋಡಿಕೊಳ್ಳಲು ಹೇಳಿದರೆ ಮನುಷ್ಯ ವಾದ ಹೂಡುತ್ತಾನೆ, ಖಾಲಿ ಫೇರ್‌ವೇ ಜೊತೆ ವಾದ ಹೂಡಲಾಗುವುದಿಲ್ಲ.

ಕಮಿಟಿಯ ಜೊತೆಗಿನ ಜಗ್ಗಾಟ ನನ್ನ ಪಾಲಿಗೆ ಬಂತು. 10 ನಿಮಿಷಕ್ಕೊಂದು ತಂಡ ಬಿಡಿ ಎಂದೆ. ಎರಡು ಗಂಟೆಯಲ್ಲಿ 8 ನಿಮಿಷದಂತೆ 15 ತಂಡ, 10ರಂತೆ 12. ಹನ್ನೆರಡು ಸದಸ್ಯರಿಗೆ ಶನಿವಾರದ ಆಟ ಇಲ್ಲವೆಂದು ಹೇಳುವವರು ಯಾರು? ಅವರ ಕಷ್ಟವೂ ಸುಳ್ಳಲ್ಲ. ಕೊನೆಗೆ 9 ನಿಮಿಷಕ್ಕೆ ಒಪ್ಪಿ, ಅಕ್ಟೋಬರ್‌ನಿಂದ ಪ್ರಯೋಗಕ್ಕೆ ಬಿಟ್ಟರು. ಜೊತೆಗೆ ಏಳನೇ ಹೋಲ್‌ನಲ್ಲಿ ಮುಂದಿನವರು ಗ್ರೀನ್ ತಲುಪಿದೊಡನೆ ಪಕ್ಕಕ್ಕೆ ಸರಿದು ಹಿಂದಿನವರಿಗೆ ಕೈಬೀಸಿ, ಅವರ ಹೊಡೆತವಾದ ಮೇಲೆ ಪಟ್ ಮಾಡುವ (ಚೆಂಡನ್ನು ಕುಳಿಗೆ ಉರುಳಿಸುವ) ಪದ್ಧತಿ. ಎರಡನೇ ವಾರವೇ ಒಬ್ಬರ ಚೆಂಡು ಇನ್ನೊಬ್ಬರ ಕಾಲ ಬಳಿ ಬಿದ್ದು ಗಲಾಟೆಯಾಯಿತು. ಆದರೂ ನಿಲ್ಲಿಸಲಿಲ್ಲ.

ಆರು ಶನಿವಾರಗಳ ಸರಾಸರಿ 4 ಗಂಟೆ 24 ನಿಮಿಷ. ಗುರಿ ಮುಟ್ಟಲಿಲ್ಲ, ನೋಟಿಸ್ ಬೋರ್ಡಿನಿಂದ ಇಳಿದರು. ಏಳರಲ್ಲಿ ಕಾಯುವುದು ನಾಲ್ಕೈದು ನಿಮಿಷಕ್ಕೆ ಬಂತು. ಆ ಆರು ಶನಿವಾರಗಳಲ್ಲಿ ಒಂದರಂದು ಮಾತ್ರ, ಹಿಂದಿನ ರಾತ್ರಿ ಸುರಿದ ಮಳೆಗೆ ನೆಲ ಕೆಸರಾಗಿ ಬಿದ್ದ ಚೆಂಡು ಬಿದ್ದಲ್ಲೇ ಹೂತುಹೋಗುತ್ತಿತ್ತು, 4 ಗಂಟೆ 50 ನಿಮಿಷವಾಯಿತು. ಆ ದಿನ ಯಾರೂ ಯಾರನ್ನೂ ದೂರಲಿಲ್ಲ.

ನವೆಂಬರ್‌ನಲ್ಲಿ ಅದೇ ಅಂದಾಜಿನ ಪ್ರಶ್ನೆಯನ್ನು ಮತ್ತೆ ಬರೆಸಿದೆ, ಈ ಸಲ ಅಳೆದದ್ದೂ ಕೇಳಿಯೇ. ಇಷ್ಟೆಲ್ಲ ಆದ ಮೇಲೂ ಮೂವರು ತಮ್ಮನ್ನೇ ಮೊದಲನೆಯ ಅಥವಾ ಎರಡನೆಯ ಚುರುಕಿನವರೆಂದು ಬರೆದರು. ಡಾಕ್ಟರು ಈ ಬಾರಿ ತಮಗೆ 45 ಕೊಟ್ಟುಕೊಂಡರು, ಅಳೆದಾಗ 33 ಬಂತು. ಅಂದಾಜು ಯಾರದ್ದೂ ಸರಿಹೋಗಲಿಲ್ಲ, ಅವರದು ಬರೀ ಇನ್ನೊಂದು ಕಡೆಗೆ ವಾಲಿತು. ಆಟ ಚುರುಕಾದದ್ದು ತಮ್ಮ ಬಗ್ಗೆ ತಿಳಿವಳಿಕೆ ಬಂದದ್ದರಿಂದಲ್ಲ, ತಿಳಿವಳಿಕೆಯ ಅಗತ್ಯವೇ ಬೀಳದಂತೆ ಚೀಲವನ್ನೂ ಪೆನ್ಸಿಲ್ಲನ್ನೂ ಬೇರೆ ಜಾಗದಲ್ಲಿಟ್ಟದ್ದರಿಂದ. ಮತ್ತೆ ಹೀಗೇ ಒಂದು ಬಳಗ ನನ್ನೆದುರು ಬಂದರೆ ಮೊದಲು ಟೀ ಟೈಮಿನ ಪಟ್ಟಿ ನೋಡುತ್ತೇನೆ, ಆಮೇಲೆ ಹಿರಿಯ ಕ್ಯಾಡಿಯನ್ನು ಕೇಳುತ್ತೇನೆ. ಹೊಡೆತದ ಸೆಕೆಂಡು ಕೊನೆಗೆ. ಹೊರಗಿನವರಿಗೂ ನಮಗೂ ಕಣ್ಣಿಗೆ ಹೊಡೆಯುವುದು ಅದೊಂದೇ ಆದ್ದರಿಂದಲೇ ಅದರಿಂದ ಶುರು ಮಾಡಬಾರದು.

ಡಿಸೆಂಬರ್‌ನಲ್ಲಿ ಬೆಳಕಾಗುವುದು ತಡ. ಮೊದಲ ಟೀ 6:48ಕ್ಕೆ ಸರಿಯಿತು. ತಂಡಗಳಿಗೆ ಜಾಗ ಸಾಲುತ್ತಿಲ್ಲವೆಂದು ಸದಸ್ಯರು ಬರೆದ ಕಾಗದಗಳು ಬಂದವು, ಕಮಿಟಿ ಅಂತರವನ್ನು ಮತ್ತೆ 8 ನಿಮಿಷಕ್ಕೆ ಇಳಿಸಿತು. ನಮ್ಮ ನಾಲ್ವರು ಆ ಹೊತ್ತಿಗೆ ಲೆಕ್ಕ ಕಲಿತಿದ್ದರು. ಬುಕಿಂಗ್ ತೆರೆದ ಕೂಡಲೇ ಮೂರನೇ ತಂಡವಾಗಿ 7:04ಕ್ಕೆ ಹೆಸರು ಹಾಕಿಸಿಕೊಂಡರು. ಆ ಜಾಗದಲ್ಲಿ ಏಳನೇ ಹೋಲ್‌ನ ಬಾಕಿ ನಾಲ್ಕೇ ನಿಮಿಷ. 7:52ಕ್ಕೆ ಈಗ ಬೇರೊಂದು ಬಳಗ ಹೊರಡುತ್ತದೆ. ಎರಡು ವಾರದಿಂದ ಅವರ ಹೆಸರು ನೋಟಿಸ್ ಬೋರ್ಡಿನಲ್ಲಿದೆ. ಮೊನ್ನೆ ಅವರಲ್ಲೊಬ್ಬರು ಪಾರ್ಕಿಂಗ್‌ನಲ್ಲಿ ನನ್ನನ್ನು ತಡೆದು, “ಏಳನೇ ಹೋಲ್‌ನಲ್ಲಿ ನಾವು ಎಷ್ಟೊತ್ತು ನಿಂತಿದ್ವಿ ಗೊತ್ತಾ ಸಾರ್?” ಎಂದರು.